ಎಸೆತವನ್ನೇ ನೆಚ್ಚಿದ ತರಬೇತುದಾರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಎದೆಗವಚಿಕೊಂಡು ಓಡುವುದು ನಿಧಾನವಾದರೂ ಭದ್ರವಾದ ದಾರಿಯೆಂದೂ, ಮುಂದಿರುವ ಸಹ ಆಟಗಾರನತ್ತ ಎಸೆಯುವ ‘ಪಾಸ್’ ಎದುರಾಳಿಯ ಕೈಸೇರಬಹುದಾದ ಅಪಾಯದ ದಾರಿಯೆಂದೂ ಹಳೆಯ ತರಬೇತುದಾರರಲ್ಲಿ ಅನೇಕರು ಬಗೆದಿದ್ದರು. ಬಿಲ್ ವಾಲ್ಷ್ ರೂಪಿಸಿದ, ಚಿಕ್ಕ ಚಿಕ್ಕ ಎಸೆತಗಳಿಂದಲೇ ಮುನ್ನಡೆಯುವ ಪದ್ಧತಿಯಲ್ಲಿ ಪಳಗಿದ ಆಂಡಿ ರೀಡ್, 1999ರಿಂದ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು ಅದೇ ನಂಬಿಕೆಯಿಂದ ನಡೆಸಿದರು. ಓಟವನ್ನು ಕಡೆಗಣಿಸುತ್ತಾರೆಂಬ ಟೀಕೆ (ಅದರಲ್ಲಿ ಹುರುಳಿರಲಿಲ್ಲವೆಂದಲ್ಲ) ಬೆನ್ನುಬಿಡಲಿಲ್ಲ, 14 ಋತುಗಳಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯದ ಪ್ರಶಸ್ತಿ ಒಲಿಯಲಿಲ್ಲ, 2012ರ ಕೊನೆಗೆ ಹುದ್ದೆಯೂ ಹೋಯಿತು. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ಬಂದ ಮೇಲೂ ಅವರು ಪದ್ಧತಿಯನ್ನು ಕೈಬಿಡದೆ, ಕಾಲೇಜು ಆಟದ ಹೊಸ ತಂತ್ರಗಳನ್ನು ಅದಕ್ಕೆ ಬೆಸೆದರು.

2020ರ ಫೆಬ್ರವರಿಯ ಸೂಪರ್ ಬೌಲ್‌ನ ಕೊನೆಯ ಪಾದದಲ್ಲಿ ಚೀಫ್ಸ್ 10–20ರಿಂದ ಹಿಂದಿತ್ತು. ಹತ್ತು ಗಜ ಸಾಗಲು ದೊರೆಯುವ ನಾಲ್ಕು ಯತ್ನಗಳಲ್ಲಿ ಆಗ ನಡೆದಿದ್ದು ಮೂರನೆಯದು, ಹಿಂದಿನ ಹಿನ್ನಡೆಯಿಂದ ಸಾಗಬೇಕಾದ ದೂರವೋ 15 ಗಜಕ್ಕೆ ಬೆಳೆದಿತ್ತು. ಚೀಫ್ಸ್‌ನ ಎಸೆತಗಾರ ಪ್ಯಾಟ್ರಿಕ್ ಮಹೋಮ್ಸ್ ಬಹಳ ಹಿಂದಕ್ಕೆ ಸರಿದು ಎತ್ತರಕ್ಕೆ ಎಸೆದ ಚೆಂಡನ್ನು ಸಹ ಆಟಗಾರ ಟೈರೀಕ್ ಹಿಲ್ ಹಿಡಿದಾಗ ತಂಡಕ್ಕೆ 44 ಗಜ ದಕ್ಕಿತು, ಪಂದ್ಯವು 31–20ರಿಂದ ಚೀಫ್ಸ್ ಪಾಲಾಯಿತು. 2023 ಮತ್ತು 2024ರಲ್ಲಿಯೂ ಪ್ರಶಸ್ತಿ ಅದೇ ತಂಡಕ್ಕೆ, ಅದೇ ತರಬೇತುದಾರರಿಗೆ ಸಂದಿತು.