ಆರು ವರ್ಷದೊಳಗಿನ ಮಗುವಿಗೆ ಸರ್ಕಾರದ ಖರ್ಚೆಷ್ಟು?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ, ಪಿ.ಯು. ಸೀಟು, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ಆದರೆ ಹತ್ತನೇ ತರಗತಿಯಲ್ಲಿ ಸೋಲುವ ಎಷ್ಟೋ ಮಕ್ಕಳು ಒಂದನೇ ತರಗತಿಗೆ ಕಾಲಿಡುವ ಮೊದಲೇ ಹಿಂದೆ ಬಿದ್ದಿರುತ್ತಾರೆ. ಆದ್ದರಿಂದ ಆ ಎಳೆಯ ಮಕ್ಕಳಿಗೆ ಭಾರತ ಮತ್ತು ಇಂಗ್ಲೆಂಡಿನ ಸರ್ಕಾರಗಳು ಮಾಡುವ ಖರ್ಚನ್ನು ತಮ್ಮ ಮುಂದಿಡುತ್ತೇನೆ.

ನಮ್ಮಲ್ಲಿ ಈ ಕೆಲಸ ಅಂಗನವಾಡಿಯದ್ದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಅಂಗನವಾಡಿ ಮತ್ತು ಪೋಷಣ್ ಯೋಜನೆಗೆ ಇಟ್ಟ ಹಣ 21,960 ಕೋಟಿ ರೂಪಾಯಿ. ಫಲಾನುಭವಿಗಳು 8 ಕೋಟಿ ಮಕ್ಕಳು, 1 ಕೋಟಿ ಗರ್ಭಿಣಿ-ಬಾಣಂತಿಯರು, 20 ಲಕ್ಷ ಕಿಶೋರಿಯರು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು 2,400 ರೂಪಾಯಿ, ದಿನಕ್ಕೆ ಆರೂವರೆ ರೂಪಾಯಿ. ಇದರಲ್ಲೇ ಊಟ, ಇದರಲ್ಲೇ ಪಾಠ. ರಾಜ್ಯದ ಪಾಲು ಇದಕ್ಕೆ ಬೇರೆ ಸೇರುತ್ತದೆ.

ಇಂಗ್ಲೆಂಡಿನಲ್ಲಿ ಮೂರು ಮತ್ತು ನಾಲ್ಕು ವರ್ಷದ ಪ್ರತಿ ಮಗುವಿಗೂ ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಉಚಿತ ಶಿಕ್ಷಣ ಉಂಟು. ದುಡಿಯುವ ತಂದೆತಾಯಿಯ ಮಕ್ಕಳಿಗೆ 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ವಯಸ್ಸಿನಿಂದಲೇ 30 ಗಂಟೆ. 2025-26ಕ್ಕೆ ಇದಕ್ಕಾಗಿ ಇಟ್ಟದ್ದು 800 ಕೋಟಿ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 90 ಸಾವಿರ ಕೋಟಿ ರೂಪಾಯಿ. ಐದು ವರ್ಷದೊಳಗಿನ ಮಕ್ಕಳು ಅಲ್ಲಿ ಸುಮಾರು 30 ಲಕ್ಷ ಮಾತ್ರ.

ಅದು ಶ್ರೀಮಂತ ದೇಶವಲ್ಲವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾದರೆ ಆಯಾ ದೇಶದ ತಲಾದಾಯಕ್ಕೇ ಹೋಲಿಸೋಣ. ಒಂದು ಮಗುವಿನ ಮೇಲೆ ಇಂಗ್ಲೆಂಡ್ ಹಾಕುವುದು ತಲಾದಾಯದ ಸುಮಾರು ಹದಿನೈದರಲ್ಲಿ ಒಂದು ಪಾಲು. ನಮ್ಮ ಕೇಂದ್ರ ಸರ್ಕಾರ ಹಾಕುವುದು ನೂರರಲ್ಲಿ ಒಂದು ಪಾಲು. ರಾಜ್ಯದ ಹಣ ಸೇರಿ ಇಮ್ಮಡಿಯಾಯಿತೆಂದರೂ ಐವತ್ತರಲ್ಲಿ ಒಂದು. ಅಂತರಕ್ಕೆ ಬಡತನವೊಂದೇ ಕಾರಣವಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರಿಗೆ ಮಾತ್ರ. ಅದಕ್ಕಿಂತ ಚಿಕ್ಕವರಿಗಾಗಿ ಸರ್ಕಾರ 'ಪ್ರಯತ್ನಿಸಬೇಕು' ಎಂದಷ್ಟೇ 45ನೇ ವಿಧಿ ಹೇಳುತ್ತದೆ. ಹಕ್ಕಿಲ್ಲದ ಕಡೆ ಹಣ ತಾನಾಗಿ ಬರುವುದಿಲ್ಲ.

ಇಂಗ್ಲೆಂಡ್ ಕೂಡ ಎಡವಿದೆ. 1999ರಲ್ಲಿ ಅಲ್ಲಿ ಬಡ ಪ್ರದೇಶಗಳಿಗೆಂದು 'ಶೂರ್ ಸ್ಟಾರ್ಟ್' ಕೇಂದ್ರಗಳು ಆರಂಭವಾದವು. 2010ರ ನಂತರ ಅನುದಾನ ಕಡಿತವಾಗಿ ಅನೇಕ ಕೇಂದ್ರಗಳು ಮುಚ್ಚಿದವು. ಅವುಗಳ ಹತ್ತಿರ ಬೆಳೆದ ಮಕ್ಕಳು 16ನೇ ವಯಸ್ಸಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಬಡ ಮಕ್ಕಳಿಗೇ ಹೆಚ್ಚು ಲಾಭವಾಯಿತು ಎಂದು 2024ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ತಿಳಿಸಿತು. ಲಾಭ ಗೊತ್ತಾಗುವಾಗ ಬಾಗಿಲು ಮುಚ್ಚಿತ್ತು.

ಈಗ ನಮ್ಮ ಕೊಡಗಿಗೆ ಬರೋಣ. ಕಾಫಿ ಕೊಯ್ಲಿನ ಕಾಲದಲ್ಲಿ ತಾಯಿ ತೋಟಕ್ಕೆ ಹೋದರೆ ಲೈನ್ ಮನೆಯ ಮಗು ಎಲ್ಲಿರಬೇಕು? ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ವಿಧಿಸಿತ್ತು. ಸಣ್ಣ ತೋಟಗಳ ಆಳುಮಕ್ಕಳಿಗೆ ಅದೂ ಇರಲಿಲ್ಲ. ಅಂಥ ಮಗುವಿಗೆ ಹತ್ತಿರದ ಅಂಗನವಾಡಿಯೇ ಗತಿ.

ಆದ್ದರಿಂದ ನನ್ನ ವಿನಂತಿ ಮೂರು. ಪ್ರತಿ ಜಮಾಅತಿನ ವ್ಯಾಪ್ತಿಯಲ್ಲಿ ಅಂಗನವಾಡಿಗೆ ಹೋಗದ ಮಕ್ಕಳೆಷ್ಟು ಎಂದು, ಯಾವ ಸಮುದಾಯದವರಾದರೂ ಸರಿ, ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ನಮ್ಮ ತಾಯಂದಿರು ಬಾಲವಿಕಾಸ ಸಮಿತಿಯಲ್ಲಿ ಕೂರಲಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಅಂಗನವಾಡಿಯ ಕಟ್ಟಡ, ನೀರು, ಕಲಿಕಾ ಸಾಮಗ್ರಿಯನ್ನೂ ಕೇಳೋಣ. ಉಳ್ಳವರು ನರ್ಸರಿಗೆ ಫೀಸು ಕಟ್ಟಿ ಸುಮ್ಮನಾದರೆ ಇಲ್ಲದವರ ಪರವಾಗಿ ಕೇಳುವವರೇ ಇರುವುದಿಲ್ಲ.