ಸಮುದ್ರಕ್ಕೆ ಗೊಬ್ಬರ, ಊರಿಗೆ ಸಾಲ
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



ಗದ್ದೆಗೆ ಗೊಬ್ಬರ ಹಾಕುವುದು ನಮಗೆಲ್ಲ ಗೊತ್ತು. ಸಮುದ್ರಕ್ಕೂ ಗೊಬ್ಬರ ಹಾಕುತ್ತಾರೆ ಅಂದರೆ ನಂಬುತ್ತೀರಾ? ಹಾಕಿ ನೋಡಿದ್ದಾರೆ. ಕೆಲವು ಸಮುದ್ರಗಳಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಅಲ್ಲಿ ಕಬ್ಬಿಣದ ಲವಣ ಸುರಿದರೆ ಬರಿಗಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದು ಇಂಗಾಲದ ಡೈಆಕ್ಸೈಡನ್ನು ಹೀರಿ, ಸತ್ತು ತಳ ಸೇರಿದರೆ ಭೂಮಿಯ ಬಿಸಿ ತಗ್ಗೀತು ಎಂಬುದು ಲೆಕ್ಕಾಚಾರ.

2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಜರ್ಮನಿಯವರ ಜೊತೆ ಸೇರಿ ದಕ್ಷಿಣದ ದೂರದ ಸಮುದ್ರದಲ್ಲಿ 'ಲೋಹಾಫೆಕ್ಸ್' ಎಂಬ ಪ್ರಯೋಗ ಮಾಡಿದರು. 300 ಚದರ ಕಿಲೋಮೀಟರಿನಲ್ಲಿ ಕಬ್ಬಿಣ ಹಾಕಿದರು. ಪಾಚಿ ಬೆಳೆಯಿತು. ಆದರೆ ಸಿಗಡಿ ಜಾತಿಯ ಸಣ್ಣ ಜೀವಿಗಳು ಅದನ್ನು ತಿಂದುಬಿಟ್ಟವು. ತಳಕ್ಕೆ ಇಳಿದ ಇಂಗಾಲ ಬಹಳ ಸ್ವಲ್ಪ.

ಅದು ವಿಜ್ಞಾನಿಗಳ ಪರೀಕ್ಷೆ. ಫಲ ಸಿಗದಿದ್ದರೂ ಯಾವ ಬಡವರ ಮೇಲೂ ಸಾಲ ಬೀಳಲಿಲ್ಲ. 2012ರಲ್ಲಿ ಕೆನಡಾದಲ್ಲಿ ಆದದ್ದು ಬೇರೆ. ಅಲ್ಲಿನ ಪಶ್ಚಿಮ ಕರಾವಳಿಯ ಓಲ್ಡ್ ಮ್ಯಾಸೆಟ್ ಎಂಬುದು ಹೈಡಾ ಮೂಲನಿವಾಸಿಗಳ ಹಳ್ಳಿ. ಸಾಮನ್ ಮೀನೇ ಅವರ ಬದುಕು. ಮೀನು ಕಡಿಮೆಯಾಗಿತ್ತು, ಕೈಗೆ ಕೆಲಸವಿರಲಿಲ್ಲ. 'ಕಬ್ಬಿಣ ಹಾಕಿದರೆ ಮೀನೂ ಬರುತ್ತದೆ, ಕಾರ್ಬನ್ ಕ್ರೆಡಿಟ್ ಮಾರಿ ಹಣವೂ ಬರುತ್ತದೆ' ಎಂಬ ಯೋಜನೆ ಬಂತು. ಊರವರು ಮತ ಹಾಕಿ ಒಪ್ಪಿದರು. ಊರಿನ ಹೆಸರಲ್ಲಿ 25 ಲಕ್ಷ ಡಾಲರಿಗೂ ಹೆಚ್ಚು ಸಾಲ ಎತ್ತಿ, ಸುಮಾರು 100 ಟನ್ ಸುರಿದರು.

ಪಾಚಿ ಬೆಳೆದದ್ದು ಉಪಗ್ರಹಕ್ಕೂ ಕಂಡಿತು. ಮರುವರ್ಷ ಕೆಲವೆಡೆ ಮೀನು ಹೆಚ್ಚು ಸಿಕ್ಕಿತು. ಆದರೆ ಅದು ಕಬ್ಬಿಣದಿಂದಲೇ ಎಂದು ಸಾಬೀತಾಗಲಿಲ್ಲ. ಕ್ರೆಡಿಟ್ ಮಾರಾಟದ ಆಸೆ ಈಡೇರಲಿಲ್ಲ. ಸರಕಾರದ ತನಿಖೆಯೂ ಬಂತು.

ಆ ಜನ ದಡ್ಡರು ಅಂತ ನಾನು ಹೇಳುವುದಿಲ್ಲ. ಮೀನಿಲ್ಲದ ಮನೆಯ ಸಂಕಟ ನಿಮಗೆ ಗೊತ್ತು. ನನಗೆ ನೋವಾಗುವುದು ಇಷ್ಟೇ: ಲೋಕಕ್ಕೆಲ್ಲ ಹೊಗೆ ಬಿಟ್ಟವರು ಆ ಹಳ್ಳಿಯವರಲ್ಲ, ಆದರೆ ಪರಿಹಾರದ ಸಾಲಕ್ಕೆ ಸಹಿ ಬಿದ್ದದ್ದು ಅವರದ್ದು. ಕಾರ್ಬನ್ ಕ್ರೆಡಿಟ್ ವ್ಯವಹಾರ ಹೊಸ ರೀತಿಯ ಸಟ್ಟಾ ಆಗಬಹುದೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು.

ನಾಳೆ ನಮ್ಮ ಸಂಘಕ್ಕೂ ಯಾರಾದರೂ ಇಂಥ ಯೋಜನೆ ತಂದಾರು. ಪರಿಸರದ ಹೆಸರು ಕೇಳಿದ ಕೂಡಲೇ ಸಹಿ ಹಾಕಬೇಡಿ, ಓಡಿಸಲೂ ಬೇಡಿ. ಕೂರಿಸಿ ಮೂರು ಮಾತು ಕೇಳಿ. ಲಾಭವಾಯಿತೆಂದು ಅಳೆದು ಹೇಳುವವರು ಯಾರು, ಮಾರುವವರೇನಾ? ಸುರಿದದ್ದನ್ನು ವಾಪಸ್ ತೆಗೆಯಲು ಆಗುತ್ತದಾ? ನಷ್ಟವಾದರೆ ಕಂತು ಕಟ್ಟುವವರು ಯಾರು?

ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ. ಆಮೇಲೆ ಸಹಿ ಹಾಕುವ ವಿಚಾರ ಮಾಡೋಣ.