ಮಾಘದ ನೀರು, ಚೈತ್ರದ ತೋಟ

(ಉಪನ್ಯಾಸದ ಬರಹ ರೂಪ)



ಮಲೆನಾಡಿನಲ್ಲಿ ಮಾಘ ಮಾಸವೆಂದರೆ ಅಡಿಕೆಯ ಕೊಯ್ಲು ಮುಗಿಯುತ್ತ ಬಂದ ಕಾಲ. ಮರಗಳ ಬುಡಕ್ಕೆ ಸೊಪ್ಪು ಹೊದಿಸುವ, ಕಾಳುಮೆಣಸು ಕೊಯ್ದು ಒಣಗಿಸುವ ಕೆಲಸಗಳು ನಡೆದಿರುತ್ತವೆ. ಮಣ್ಣಿನ ತೇವ ಪೂರ್ಣ ಆರಿರುವುದಿಲ್ಲ. ಅದೇ ದಿನಗಳಲ್ಲಿ ತುಂಗೆಯೂ ಭದ್ರೆಯೂ ಕೂಡಿ ಇಳಿದುಹೋಗುವ ಕೊಪ್ಪಳ ಸೀಮೆಯ ಚಿತ್ರವೇ ಬೇರೆ. ಗವಿಸಿದ್ಧೇಶ್ವರನ ತೇರು ಎಳೆದು ಮುಗಿದಿರುತ್ತದೆ. ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆಗಳ ರಾಶಿ ನಡೆಯುತ್ತಿರುತ್ತದೆ. ಬೇವು ಎಲೆ ಉದುರಿಸುತ್ತದೆ, ಮುತ್ತುಗ ಹೂವಿಗೆ ಅಣಿಯಾಗುತ್ತದೆ. ಕವಿಗಳು ವಸಂತವನ್ನು ಚಿಗುರಿನ ಕಾಲವೆಂದು ಹಾಡಿದ್ದಾರೆ. ಈ ಸೀಮೆಯ ತೋಟಗಾರನಿಗೆ ಮಾತ್ರ ಅದು ಮೂರು ತಿಂಗಳ ಬಿಸಿಲಿನ ಹೊಸ್ತಿಲು.

ಆದುದರಿಂದ ವಸಂತದ ಆರಂಭದ ತೋಟದ ಕೆಲಸಗಳು ಎಂಬ ವಿಷಯವನ್ನು ಎತ್ತಿಕೊಂಡಾಗ, ಯಾವ ನೆಲದ ತೋಟ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾಗುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಅದರ ಬಹುಪಾಲು ಮೃಗಶಿರದಿಂದ ಸ್ವಾತಿಯವರೆಗಿನ ನಕ್ಷತ್ರಗಳಲ್ಲೇ ಸುರಿದು ಮುಗಿಯುತ್ತದೆ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು. ಯಲಬುರ್ಗಾದ ಕಡೆ ಹೆಚ್ಚಾಗಿ ಎರೆ ಭೂಮಿ. ಕುಷ್ಟಗಿ, ಕೊಪ್ಪಳಗಳಲ್ಲಿ ವಿಸ್ತಾರವಾದ ಮಸಾರಿ ಭೂಮಿ. ಮಣ್ಣು ಬೇರೆಯಾದಂತೆ ಕೆಲಸವೂ ಬೇರೆ. ಆದರೆ ಎಲ್ಲಕ್ಕೂ ಮೊದಲಿನದು ಒಂದೇ: ನೀರಿನ ಲೆಕ್ಕ.

ಆ ಲೆಕ್ಕ ಸರಳವಾದುದು. ಕಾಯಿ ಹೊತ್ತ ದಾಳಿಂಬೆ ಗಿಡವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸರಿಸುಮಾರು 35 ಲೀಟರ್ ನೀರು ಬೇಕೆಂದು ಇಟ್ಟುಕೊಂಡರೆ, ಎಕರೆಗೆ 300 ಗಿಡಗಳಿಗೆ 10,500 ಲೀಟರ್ ಆಯಿತು. ಗಂಟೆಗೆ 1,500 ಲೀಟರ್ ಕೊಡುವ ಕೊಳವೆಬಾವಿಯ ಪಂಪು ಏಳು ಗಂಟೆ ಓಡಿದರೆ ಅಷ್ಟು ನೀರು ದೊರೆಯುತ್ತದೆ. ಮಾಘದಲ್ಲಿ ಈ ಲೆಕ್ಕ ಸರಿಹೋಗುತ್ತದೆ. ರೈತನಿಗೆ ಧೈರ್ಯ ಬರುತ್ತದೆ. ಚೈತ್ರದ ಹೊತ್ತಿಗೆ ಅದೇ ಬಾವಿಯ ನೀರು ಅರ್ಧಕ್ಕೆ ಇಳಿದರೆ 150 ಗಿಡಗಳಿಗೆ ನೀರಿಲ್ಲ. ಆಗ ಟ್ಯಾಂಕರ್ ಬರುತ್ತದೆ, ಸಾಲ ಬರುತ್ತದೆ, ಮತ್ತೊಂದು ಬಾವಿ ಕೊರೆಸುವ ಲಾರಿ ಬರುತ್ತದೆ. ಗಟ್ಟಿ ಶಿಲೆಯ ಈ ನೆಲದಲ್ಲಿ ಆಳಕ್ಕೆ ಹೋದಷ್ಟೂ ನೀರು ಸಿಗುವುದೆಂಬ ಖಾತರಿಯಿಲ್ಲ. ಸಿಕ್ಕರೂ ಕುಷ್ಟಗಿ, ಯಲಬುರ್ಗಾಗಳ ಅನೇಕ ಹಳ್ಳಿಗಳಲ್ಲಿ ಅಂತರ್ಜಲದ ಫ್ಲೋರೈಡ್ ಜನರ ಹಲ್ಲು ಮೂಳೆಗಳನ್ನು ಕಾಡಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದ ಮರುವಸಂತದಲ್ಲಿ ತೋಟವನ್ನು ಉಳಿಸಿಕೊಳ್ಳುವುದೇ ಒಂದು ಬೆಳೆ. ತೋಟದ ಅಳತೆಯನ್ನು ಮಾಘದ ಬಾವಿಯನ್ನು ನೋಡಿ ನಿರ್ಧರಿಸಬಾರದು. ಚೈತ್ರದ ಬಾವಿಯನ್ನು ನೆನೆದು ನಿರ್ಧರಿಸಬೇಕು.

ಈ ಮಾತು ದಾಳಿಂಬೆಗೆ ವಿಶೇಷವಾಗಿ ಸಲ್ಲುತ್ತದೆ. ದಾಳಿಂಬೆಯನ್ನು ವರ್ಷದ ಮೂರು ಕಾಲಗಳಲ್ಲಿ ಹೂವಿಗೆ ತರಬಹುದು: ಜನವರಿ-ಫೆಬ್ರವರಿಯ ಅಂಬೆ ಬಹಾರ್, ಜೂನ್-ಜುಲೈನ ಮೃಗ ಬಹಾರ್, ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರ್. ವಸಂತದಲ್ಲಿ ಗಿಡವನ್ನು ಹೂವಿಗೆ ತಂದರೆ ಅದು ಕಡುಬೇಸಿಗೆಯಲ್ಲೇ ಕಾಯಿ ಬೆಳೆಸಬೇಕು. ಹಣ್ಣು ಮಾಗುವ ಹೊತ್ತಿಗೆ ಮಳೆಗಾಲ ಹಿಡಿಯುತ್ತದೆ. ಆ ಮಳೆಹನಿಗಳ ಸಿಡಿತದಲ್ಲೇ ದುಂಡಾಣು ಅಂಗಮಾರಿ ರೋಗ ಗಿಡದಿಂದ ಗಿಡಕ್ಕೆ ಹಾರುತ್ತದೆ. ಈ ಶತಮಾನದ ಮೊದಲ ವರ್ಷಗಳಿಂದ ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಕಂಗೆಡಿಸಿ, ಎಷ್ಟೋ ತೋಟಗಳನ್ನು ಬುಡಸಮೇತ ಕೀಳಿಸಿದ ರೋಗವದು. 2005ರಲ್ಲಿ ಸೊಲ್ಲಾಪುರದಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವು ರೋಗಪೀಡಿತ ಪ್ರದೇಶಗಳಿಗೆ ಹಸ್ತ ಬಹಾರ್ ಉತ್ತಮವೆಂದು ಹೇಳುತ್ತ ಬಂದಿದೆ. ಹಸ್ತದ ಹೂವು ಒಣಹವೆಯಲ್ಲಿ ಕಾಯಾಗಿ, ಶಿವರಾತ್ರಿ-ಯುಗಾದಿಗಳ ನಡುವೆ ಹಣ್ಣಾಗಿ ಮನೆಗೆ ಬರುತ್ತದೆ. ಆ ಬಳಿಕ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ. ವಿಶ್ರಾಂತಿಯಲ್ಲಿರುವ ಗಿಡ ಬೇಡುವ ನೀರು ಕಡಿಮೆ. ಹೀಗೆ ರೋಗದ ಲೆಕ್ಕವೂ ನೀರಿನ ಲೆಕ್ಕವೂ ಒಂದೇ ಉತ್ತರವನ್ನು ಕೊಡುತ್ತವೆ.

ವಿಶ್ರಾಂತಿ ಗಿಡಕ್ಕೆ, ತೋಟಗಾರನಿಗೆ ಕೆಲಸವಿದೆ. ಕೊಯ್ಲು ಮುಗಿದೊಡನೆ ರೋಗ ತಗುಲಿದ ಹಾಗೂ ಒಣಗಿದ ರೆಂಬೆಗಳನ್ನು ಕತ್ತರಿಸಬೇಕು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸೋಂಕುನಿವಾರಕ ದ್ರಾವಣದಲ್ಲಿ ಅದ್ದಬೇಕು. ಈ ಸಣ್ಣ ಶಿಸ್ತನ್ನು ಮರೆತರೆ ರೋಗವನ್ನು ಹರಡುವ ಕೈ ತೋಟಗಾರನದೇ ಆಗುತ್ತದೆ. ಕತ್ತರಿಸಿದ ಗಾಯಗಳಿಗೂ ಕಾಂಡದ ಕೆಳಭಾಗಕ್ಕೂ ಬೋರ್ಡೋ ಮುಲಾಮು ಬಳಿಯಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಉದುರಿದ ರೋಗದ ಎಲೆ, ಸೀಳಿದ ಕಾಯಿಗಳನ್ನು ಆಯ್ದು ತೋಟದ ಹೊರಗೆ ಸುಡಬೇಕು. ಅವುಗಳಲ್ಲಿ ದುಂಡಾಣು ತಿಂಗಳುಗಟ್ಟಲೆ ಬದುಕಿರಬಲ್ಲದು.

ಬೆಂಕಿಯ ಮಾತು ಇಲ್ಲಿಗೇ ನಿಲ್ಲಬೇಕು. ಉಳಿದ ಯಾವ ಒಣಸೊಪ್ಪಿಗೂ ಬೆಂಕಿ ಸಲ್ಲದು. ಬಿಸಿಲು ಏರಿದಂತೆ ಬರಿನೆಲದ ತೇವ ಆವಿಯಾಗಿ ಹೋಗುತ್ತದೆ. ನಾಲ್ಕು ಬೆರಳು ದಪ್ಪದ ಹೊದಿಕೆ ಅದರ ಗಣನೀಯ ಪಾಲನ್ನು ಹಿಡಿದಿಡುತ್ತದೆ. ಬೇವಿನ ಎಲೆ, ಹೊಂಗೆಯ ಸೊಪ್ಪು, ಕಬ್ಬಿನ ರವದಿ, ತೊಗರಿಕಟ್ಟಿಗೆಯ ಪುಡಿ, ಯಾವುದಾದರೂ ಆದೀತು. ಜೋಳದ ಕಣಿಕೆ, ಕಡಲೆಯ ಹೊಟ್ಟುಗಳು ಮೊದಲು ದನಗಳಿಗೆ. ದನ ತಿಂದು ಬಿಟ್ಟ ಕಸಕಡ್ಡಿ ಗಿಡಗಳಿಗೆ. ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರ ಇಡಬೇಕು. ಇಲ್ಲವಾದರೆ ಗೆದ್ದಲು ಕಾಂಡಕ್ಕೇರುತ್ತದೆ. ಅಡಿಯಲ್ಲಿ ಒಂದಿಷ್ಟು ಬೇವಿನ ಹಿಂಡಿ ಚೆಲ್ಲಿದರೆ ಒಳಿತು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಗಂಗಾವತಿಯ ಭತ್ತದ ಸೀಮೆಯಲ್ಲಿ ಯಂತ್ರದ ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿಯಿಡುವುದುಂಟು. ಅದೇ ಜಿಲ್ಲೆಯ ಕುಷ್ಟಗಿಯ ಮಸಾರಿ ತೋಟಗಳಲ್ಲಿ ಬುಡಕ್ಕೆ ಹೊದಿಸಲು ಹಿಡಿ ಹುಲ್ಲಿಲ್ಲ. ಮೇವಿಗೆ ಬಳಸಿ ಮಿಕ್ಕ ಹುಲ್ಲನ್ನು ಹತ್ತಾರು ರೈತರು ಕೂಡಿ ಟ್ರ್ಯಾಕ್ಟರಿನಲ್ಲಿ ತರಿಸಿಕೊಂಡರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ. ಕಾಲುವೆಯ ನೀರಿನಲ್ಲಿ ಬೆಳೆದ ಹುಲ್ಲು ಕಾಲುವೆಯಿಲ್ಲದ ನೆಲದ ತೇವವನ್ನು ಕಾಯುತ್ತದೆ. ಗಂಗಾವತಿಯ ಹಿತ್ತಲುಗಳಿಗೂ ಹೊದಿಕೆ ಬೇಕು. ಅಲ್ಲಿನ ಕಷ್ಟ ಸವಳು-ಜವಳು. ಬಿಸಿಲಿಗೆ ತೇವ ಮೇಲೇರಿ ಆವಿಯಾಗುವಾಗ ಉಪ್ಪು ನೆಲದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಹೊದಿಕೆಯು ಆವಿಯನ್ನು ತಡೆದಷ್ಟೂ ಉಪ್ಪಿನ ಏರಿಕೆ ಕುಗ್ಗುತ್ತದೆ. ಜಿಪ್ಸಂ ಹಾಕುವ ಮುನ್ನ ಮಣ್ಣಿನ ಪರೀಕ್ಷೆ ಆಗಲೇಬೇಕು. ಸವಳು ಭೂಮಿಯ ಕುರಿತು ಬಹುಕಾಲದಿಂದ ಕೆಲಸ ನಡೆದಿರುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ.

ಯಲಬುರ್ಗಾದ ಎರೆ ಮಣ್ಣು ಈ ಕಾಲಕ್ಕೆ ಬಾಯಿ ಬಿಡಲಾರಂಭಿಸುತ್ತದೆ. ಬಿರುಕುಗಳ ಮೂಲಕ ಆಳದ ತೇವವೂ ಆರಿಹೋಗುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ, ಮರಗಳ ಸಾಲುಗಳ ನಡುವೆ ಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಗೊಳಿಸುವುದು. ಆ ಪುಡಿಮಣ್ಣೇ ಹೊದಿಕೆಯಾಗುತ್ತದೆ. ಮಸಾರಿಗೆ ಬೇಕಾದುದು ಬೇರೆ: ನೀರನ್ನು ಹಿಡಿದಿಡುವ ಶಕ್ತಿ. ಕೆರೆಗಳ ನೀರು ಇಂಗಿ ತಳ ಕಾಣತೊಡಗಿದಾಗ ಹೂಳನ್ನು ಹೇರಿ ತಂದು ಪಾತಿಗಳಿಗೆ ಹಾಕುವುದಕ್ಕೆ ಇದೇ ಸಕಾಲ. ಅದರಿಂದ ಕೆರೆಯೂ ಆಳವಾಗುತ್ತದೆ, ಮಣ್ಣೂ ತುಂಬಿಕೊಳ್ಳುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದ ಜನರಿಗೆ ಇಂಥ ಕೆಲಸದ ಬೆಲೆ ತಿಳಿದಿದೆ.

ಮಾವಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಮರ ತುಂಬ ಹೂವಿರುವಾಗ ಕೀಟನಾಶಕ ಸಿಂಪಡಿಸಿದರೆ ಜಿಗಿಹುಳುವಿನೊಡನೆ ಜೇನೂ ಸಾಯುತ್ತದೆ. ಆ ಕೆಲಸ ಹೂವು ಅರಳುವ ಮುನ್ನ ಇಲ್ಲವೆ ಕಾಯಿ ಕಚ್ಚಿದ ನಂತರ ಆಗಬೇಕು. ನೀರನ್ನೂ ಮಿಡಿಗಳು ಬಟಾಣಿ ಗಾತ್ರಕ್ಕೆ ಬಂದ ಮೇಲೆಯೇ ಆರಂಭಿಸಬೇಕು.

ಇನ್ನು ಹಿತ್ತಲಿನ ಕೈತೋಟ. ಇದು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರುವ ತೋಟ; ಬೇಸಿಗೆಯ ಸಂತೆಯಲ್ಲಿ ಕಾಯಿಪಲ್ಲೆಯ ಬೆಲೆ ಏರಿದಾಗ ಮನೆಯ ಊಟವನ್ನು ಕಾಯುವ ತೋಟ. ಮಾರ್ಚಿಯ ಬಿಸಿಲಿಗೆ ಒಂದು ಚದರ ಮೀಟರ್ ಹಸಿರು ದಿನಕ್ಕೆ ಆರು ಲೀಟರ್ ನೀರು ಬೇಡುವುದೆಂದರೆ, ಹದಿನೈದು ಚದರ ಮೀಟರಿಗೆ 90 ಲೀಟರ್ ಸಾಕು. ಐದು ಜನರ ಮನೆಯ ಸ್ನಾನ, ಪಾತ್ರೆ, ಅಕ್ಕಿ-ಬೇಳೆ ತೊಳೆದ ನೀರು ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಸಾಬೂನಿನ ನೀರನ್ನು ಬಾಳೆ, ತೆಂಗುಗಳಿಗೆ ಹರಿಸಿ, ಉಳಿದುದನ್ನು ತರಕಾರಿಗೆ ಬಳಸಬೇಕು. ಮಲೆನಾಡಿನಲ್ಲಿ ಮಳೆನೀರು ನಿಲ್ಲದಂತೆ ಏರುಮಡಿ ಮಾಡುತ್ತಾರೆ. ಇಲ್ಲಿ ನೀರು ನಿಲ್ಲುವಂತೆ ತಗ್ಗುಮಡಿ ಮಾಡಬೇಕು. ಹೀರೆ, ಹಾಗಲ, ಸೌತೆಗಳ ಬೀಜವನ್ನು ಮಣ್ಣಿನ ಗಡಿಗೆಯ ಸುತ್ತ ಊರುವುದು ಉತ್ತಮ. ಕುತ್ತಿಗೆಯವರೆಗೆ ಹೂತ ಗಡಿಗೆಗೆ ನೀರು ತುಂಬಿ ಮುಚ್ಚಿಟ್ಟರೆ, ಅದು ಜಿನುಗಿ ಬೇರಿಗಷ್ಟೇ ತಲುಪುತ್ತದೆ. ಬೆಂಡೆ, ಚವಳಿ, ಪುಂಡಿ, ರಾಜಗಿರಿಗಳು ಬಿಸಿಲು ತಾಳುತ್ತವೆ. ಮೆಂತೆ, ಕೊತ್ತಂಬರಿಗಳನ್ನು ಈಗ ಬೀಜಕ್ಕೆ ಬಿಡಬೇಕು. ಪಡುವಣ ಬದಿಗೆ ಔಡಲವೋ ನುಗ್ಗೆಯೋ ಇದ್ದರೆ ಮಧ್ಯಾಹ್ನದ ಬಿಸಿಲಿಗೆ ಮರೆಯಾಗುತ್ತದೆ. ಹಿಂಗಾರಿನ ಬದನೆ, ಅವರೆಗಳಲ್ಲಿ ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಬಲಿಯಲು ಬಿಟ್ಟು, ಬೀಜ ತೆಗೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡುವುದೂ ಈ ಪಕ್ಷದ ಕೆಲಸವೇ.

ಮಲೆನಾಡಿನ ಪತ್ರಿಕೆಯೊಂದರಲ್ಲಿ ಕೊಪ್ಪಳದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮುನಿರಾಬಾದಿನ ಬಳಿಯ ಅಣೆಕಟ್ಟು ಆರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದರ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಡೀ ನಾಡು ಆತಂಕದಿಂದ ನೋಡಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆ ಕೂಡಿಸಲಾಯಿತು. ಹೂಳು ಮಾತ್ರ ಸದ್ದಿಲ್ಲದೆ ಬರುತ್ತದೆ. ಅದು ಮೇಲಿನ ಜಲಾನಯನದ ಮಣ್ಣು. ಬೋಳಾದ ಗುಡ್ಡಗಳಿಂದ, ಅಗೆದ ಇಳಿಜಾರುಗಳಿಂದ ಕೊಚ್ಚಿಹೋದದ್ದು. ಬೆಟ್ಟದ ಸೊಪ್ಪು ನೆಲದ ಮೇಲೆ ಉಳಿದರೆ ಬಯಲಿನ ಕಾಲುವೆಯಲ್ಲಿ ನೀರು ಉಳಿಯುತ್ತದೆ. ಈ ಮಾಘದಲ್ಲಿ ಮಲೆನಾಡಿನವರು ತರಗೆಲೆಗೆ ಬೆಂಕಿ ಬೀಳದಂತೆ ಕಾಯುವುದೂ, ಕುಷ್ಟಗಿಯ ರೈತ ದಾಳಿಂಬೆಯ ಬುಡಕ್ಕೆ ಹುಲ್ಲು ಹೊದಿಸುವುದೂ ಒಂದೇ ಹೊಳೆಯ ಎರಡು ಕೆಲಸಗಳು.

ಯುಗಾದಿಗೆ ಇನ್ನೂ ದಿನಗಳಿವೆ. ಬಾವಿಯ ನೀರನ್ನು ಅಳೆಯುವುದರಿಂದ ಆರಂಭವಾಗಲಿ.